ಇಎಸ್‌ಐ ನಿರುದ್ಯೋಗ ಭತ್ಯೆ: ಎಂಟು ತಿಂಗಳು ಪಡೆದವನ ರಿವ್ಯೂ

ಇಎಸ್‌ಐ ಅಂದರೆ ಪ್ರತಿ ತಿಂಗಳು ನಮ್ಮ ಪಗಾರದಿಂದ ಕಟ್ ಆಗುವ ಕಾರ್ಮಿಕರ ಸರ್ಕಾರಿ ವಿಮೆ, ಕೆಲಸ ಹೋದರೆ ಅದರಿಂದ ಭತ್ಯೆ ಇದೆ. ಮೊದಲೇ ಹೇಳಿಬಿಡುತ್ತೇನೆ, ದುಡ್ಡು ಬರುತ್ತದೆ. ನೇರ ಬ್ಯಾಂಕ್ ಖಾತೆಗೇ ಬರುತ್ತದೆ, ಯಾರ ಕೈಯನ್ನೂ ಬಿಸಿ ಮಾಡಬೇಕಾಗಿಲ್ಲ. ನನಗೆ ಎಂಟು ತಿಂಗಳು ಬಂತು. ಆದರೆ ಅದೇ ದಿನ, ಅದೇ ಗೇಟಿನಿಂದ ನನ್ನ ಜೊತೆಗೇ ಹೊರಗೆ ಬಂದ 14 ಜನರಿಗೆ ಈ ಭತ್ಯೆಯ ಒಂದು ರೂಪಾಯಿಯೂ ಸಿಗಲಿಲ್ಲ. ಅವರು ಒಂದು ಹಾಳೆಗೆ ಸಹಿ ಹಾಕಿದ್ದರು, ನಾನು ಹಾಕಿರಲಿಲ್ಲ. ಅಷ್ಟೇ ವ್ಯತ್ಯಾಸ. ಹಾಗಾಗಿ ಇಲ್ಲಿ ಬರೀ ಭತ್ಯೆ ಹೇಗಿದೆ ಅಂತ ಬರೆದರೆ ಸಾಲದು, ಆ ಹಾಳೆಯ ಬಗ್ಗೆಯೂ ಬರೆಯಲೇಬೇಕು.

ನಾನು ಬೆಳಗಾವಿಯವನು. ಉದ್ಯಮಬಾಗದ ಒಂದು ಮಷೀನ್ ಶಾಪ್‌ನಲ್ಲಿ 14 ವರ್ಷ ಸಿಎನ್‌ಸಿ, ಅಂದರೆ ಕಂಪ್ಯೂಟರ್‌ನಿಂದ ನಡೆಯುವ ಮಷೀನಿನ ಆಪರೇಟರ್ ಆಗಿದ್ದೆ. ಕಂಪನಿ ಹೆಸರು ಬರೆಯುವುದಿಲ್ಲ, ಅದು ಮುಖ್ಯವೂ ಅಲ್ಲ, ಯಾಕೆಂದರೆ ಅಲ್ಲಿ ಆಗಿದ್ದೇ ಸುತ್ತಮುತ್ತ ಇನ್ನೂ ಎಷ್ಟೋ ಕಡೆ ಆಗಿದೆ. ನಮ್ಮಲ್ಲಿ ಡೀಸೆಲ್ ಕಾರಿನ ಎಂಜಿನ್‌ಗೆ ಹೋಗುವ ಕ್ರ್ಯಾಂಕ್‌ಶಾಫ್ಟ್, ಅಂದರೆ ಪಿಸ್ಟನ್ ತಳ್ಳಿದಾಗ ತಿರುಗುವ ಉಕ್ಕಿನ ದಂಡ, ತಯಾರಾಗುತ್ತಿತ್ತು. ನಾವು ಕಾರ್ ಕಂಪನಿಗೆ ನೇರವಾಗಿ ಕೊಡುತ್ತಿರಲಿಲ್ಲ. ನಾವು ಕೊಡುವುದು ಪುಣೆ ಕಡೆಯ ಇನ್ನೊಬ್ಬರಿಗೆ, ಅವರು ಕೊಡುವುದು ಕಾರ್ ಕಂಪನಿಗೆ. ಜರ್ನಲ್ ಗ್ರೈಂಡಿಂಗ್ ಮುಗಿಸಿ ಮೈಕ್ರೋಮೀಟರ್ ಹಿಡಿದರೆ ಹತ್ತು ಮೈಕ್ರಾನ್, ಅಂದರೆ ಮಿಲಿಮೀಟರ್‌ನ ನೂರರಲ್ಲಿ ಒಂದು ಪಾಲು ಕೂಡ ಆಚೀಚೆ ಆಗುವಂತಿಲ್ಲ. ಕೂಲೆಂಟ್ ವಾಸನೆ ಅಂಗಿಯಿಂದ ಹೋಗುವುದೇ ಇಲ್ಲ, ನನ್ನ ಮಗಳಿಗೆ ಅದೇ ಅಪ್ಪನ ವಾಸನೆ.

ಕೆಲಸ ಯಾಕೆ ಹೋಯಿತು ಅನ್ನುವುದನ್ನೂ ಚಿಕ್ಕದಾಗಿ ಹೇಳಬೇಕು, ಯಾಕೆಂದರೆ ನಮ್ಮ ಓಣಿಯಲ್ಲಿ ಇವತ್ತಿಗೂ "ಮಾಲೀಕರು ಲುಕ್ಸಾನ್ ಮಾಡಿಕೊಂಡರು" ಅಂತಲೇ ಮಾತಾಡುತ್ತಾರೆ. ಅಷ್ಟೇ ಅಲ್ಲ. 2019-20ರಲ್ಲಿ ದೇಶದಲ್ಲಿ ಕಾರುಗಳ ಮಾರಾಟ ಹಿಂದಿನ ವರ್ಷಕ್ಕಿಂತ ಶೇಕಡಾ 18ರಷ್ಟು ಬಿದ್ದಿತ್ತು. ಆಮೇಲೆ 2020ರ ಏಪ್ರಿಲ್ 1ರಿಂದ ವಾಹನದ ಹೊಗೆಗೆ ಮಿತಿ ಹಾಕುವ ಬಿಎಸ್-6 ನಿಯಮ ಬಂತು. ಚಿಕ್ಕ ಡೀಸೆಲ್ ಎಂಜಿನ್‌ಗಳನ್ನು ಆ ನಿಯಮಕ್ಕೆ ಹೊಂದಿಸುವುದು ತುಂಬಾ ದುಬಾರಿ. ಮಾರುತಿ ಸುಜುಕಿ ಅದೇ ದಿನದಿಂದ ಡೀಸೆಲ್ ಕಾರು ಮಾಡುವುದನ್ನೇ ಬಿಟ್ಟುಬಿಟ್ಟಿತು. 2020ರ ಡಿಸೆಂಬರ್‌ನಲ್ಲಿ ತಳೇಗಾಂವ್‌ನ ಜನರಲ್ ಮೋಟರ್ಸ್ ಕಾರ್ಖಾನೆ ನಿಂತಿತು. 2021ರ ಸೆಪ್ಟೆಂಬರ್ 9ರಂದು ಫೋರ್ಡ್ ಭಾರತದಲ್ಲಿ ಕಾರು ತಯಾರಿಸುವುದನ್ನು ನಿಲ್ಲಿಸುತ್ತೇನೆ ಅಂತ ಹೇಳಿತು. ದೊಡ್ಡ ಕಂಪನಿ ಸೀನಿದರೆ ನಮ್ಮಂಥ ಚಿಕ್ಕ ಶಾಪ್‌ಗಳಿಗೆ ಜ್ವರ. ನಮ್ಮ ಮಾಲೀಕರು ಟ್ರಾಕ್ಟರ್ ಭಾಗಗಳ ಆರ್ಡರ್ ಹಿಡಿದು ಮೂರು ವರ್ಷ ಹೇಗೋ ತಳ್ಳಿದರು, ಅದನ್ನು ನಾನು ಮರೆಯುವುದಿಲ್ಲ. 2023ರಲ್ಲಿ ಕಾರಿನ ಲೈನ್ ಪೂರ್ತಿ ಬಂದ್ ಆಯಿತು. 38 ಜನರಲ್ಲಿ 23 ಜನ ಮನೆಗೆ. ಈಗ ಎಲೆಕ್ಟ್ರಿಕ್ ಕಾರು ಬರುತ್ತಿದೆ, ಅದರೊಳಗೆ ಕ್ರ್ಯಾಂಕ್‌ಶಾಫ್ಟ್ ಅನ್ನುವ ವಸ್ತುವೇ ಇಲ್ಲ, ಪಿಸ್ಟನ್ ಇಲ್ಲ, ಸೈಲೆನ್ಸರ್ ಇಲ್ಲ. ಅಂದರೆ ಈ ಕಥೆ ನನ್ನ 23 ಜನರಿಗೆ ಮುಗಿಯುವುದಿಲ್ಲ, ಮುಂದೆ ಇನ್ನೂ ಬಹಳ ಜನರಿಗೆ ಈ ಮಾಹಿತಿ ಬೇಕಾಗುತ್ತದೆ.

ಈಗ ಆ ಹಾಳೆ.

ಕೊನೆಯ ವಾರ ಒಬ್ಬೊಬ್ಬರನ್ನೇ ಆಫೀಸಿಗೆ ಕರೆದರು. ಮೇಜಿನ ಮೇಲೆ ಟೈಪ್ ಮಾಡಿದ ಹಾಳೆಗಳ ಕಟ್ಟು, ನೀಲಿ ಸ್ಟ್ಯಾಂಪ್ ಪ್ಯಾಡ್, ದಾರ ಕಟ್ಟಿದ ಒಂದು ಪೆನ್. ಹಾಳೆಯಲ್ಲಿ ಇಂಗ್ಲಿಷ್‌ನಲ್ಲಿ ನಾಲ್ಕು ಸಾಲು. ಹೆಸರಿನ ಜಾಗ, ತಾರೀಖಿನ ಜಾಗ ಖಾಲಿ. "ಸುಮ್ನೆ ಫಾರ್ಮಾಲಿಟಿ, ಸಹಿ ಮಾಡಿದರೆ ಸೆಟಲ್‌ಮೆಂಟ್ ಬೇಗ ಆಗುತ್ತೆ" ಅಂದರು. ನನಗಿಂತ ಮುಂದೆ ಹೋದವರು ಸಹಿ ಹಾಕಿ ಹೊರಗೆ ಬಂದು ಚಹಾ ಕುಡಿಯುತ್ತಿದ್ದರು. ನಾನೂ ಹಾಕುವವನೇ ಇದ್ದೆ, ಪೆನ್ ಕೈಯಲ್ಲೇ ಇತ್ತು. ಬಾಗಿಲ ಹತ್ತಿರ ನಿಂತಿದ್ದ ನಮ್ಮ ಕಾಕಾ, ಶಾಪ್‌ನಲ್ಲಿ ಎಲ್ಲರಿಗಿಂತ ಹಿರಿಯರು, ನನ್ನ ಹೆಗಲ ಮೇಲೆ ಕೈ ಇಟ್ಟರು. "ತಮ್ಮಾ, ಓದದs ಸಹಿ ಮಾಡಬ್ಯಾಡ. ಅದರಾಗ ಏನ್ ಬರದದ ಕೇಳು" ಅಂದರು. ಕೇಳಿದೆ. ವೈಯಕ್ತಿಕ ಕಾರಣಗಳಿಂದ ನಾನೇ ಕೆಲಸ ಬಿಡುತ್ತಿದ್ದೇನೆ ಅಂತ ಇತ್ತು. ಅಂದರೆ ರಾಜೀನಾಮೆ.

ಕಾಕಾಗೆ ಇದು ಗೊತ್ತಿದ್ದದ್ದು ಯಾವ ಸರ್ಕಾರಿ ಪ್ರಕಟಣೆಯಿಂದಲೂ ಅಲ್ಲ. ಅವರ ಅಣ್ಣ ಹಿಂದೆ ಒಂದು ಗಿರಣಿಯಲ್ಲಿ ಇದೇ ರೀತಿ ಸಹಿ ಮಾಡಿ ಬರಿಗೈಯಲ್ಲಿ ಬಂದಿದ್ದರಂತೆ. ನಾನು ಪೆನ್ ಕೆಳಗಿಟ್ಟೆ. "ನೀವೇ ತೆಗೆಯುತ್ತಿದ್ದೀರಿ ಅಂದರೆ ಹಾಗಂತಲೇ ಬರೆದುಕೊಡಿ ಸರ್, ನಾನು ಬಿಡುತ್ತಿಲ್ಲ" ಅಂದೆ. ಕೂಗಾಟ ಏನೂ ಆಗಲಿಲ್ಲ. ಎರಡು ದಿನ ಸತಾಯಿಸಿದರು, ಆಮೇಲೆ ಕೊಟ್ಟರು. ಕಾಕಾ, ನಾನು, ಇನ್ನೂ ಏಳು ಜನ, ಒಟ್ಟು ಒಂಬತ್ತು ಮಂದಿ ಆ ಪತ್ರ ತೆಗೆದುಕೊಂಡು ಬಂದೆವು. ಅದಕ್ಕೆ ರಿಟ್ರೆಂಚ್‌ಮೆಂಟ್ ಲೆಟರ್ ಅನ್ನುತ್ತಾರೆ.

ಈ ಲೆಟರ್‌ನ ಬೆಲೆ ಎಷ್ಟು ಗೊತ್ತಾ? ಆಗ ಇದ್ದದ್ದು 1947ರ ಕೈಗಾರಿಕಾ ವಿವಾದ ಕಾಯ್ದೆ. ಕೆಲಸಗಾರನನ್ನು ತೆಗೆಯಬೇಕಾದರೆ ಒಂದು ತಿಂಗಳ ನೋಟಿಸ್ ಅಥವಾ ಅದರ ಬದಲಿಗೆ ಒಂದು ತಿಂಗಳ ಪಗಾರ, ಮೇಲೆ ಸರ್ವಿಸ್ ಆದ ಒಂದೊಂದು ವರ್ಷಕ್ಕೆ 15 ದಿನದ ಪಗಾರ ಕೊಡಬೇಕು. ನನ್ನದು 14 ವರ್ಷ, ಅಂದರೆ 210 ದಿನದ ಪಗಾರ. ರಾಜೀನಾಮೆ ಕೊಟ್ಟವನಿಗೆ ಇದರಲ್ಲಿ ಒಂದು ದಿನದ್ದೂ ಇಲ್ಲ. ಇನ್ನೂ ಒಂದು ವಿಷಯ ಆ ಕಾಯ್ದೆಯಲ್ಲಿತ್ತು, ಯಾರೂ ಹೇಳುವುದಿಲ್ಲ: ಮುಂದೆ ಅದೇ ಕಂಪನಿ ಮತ್ತೆ ಜನರನ್ನು ತೆಗೆದುಕೊಂಡರೆ, ಹೀಗೆ ತೆಗೆದುಹಾಕಿದವರನ್ನೇ ಮೊದಲು ಕೇಳಬೇಕು.

ಇಲ್ಲಿಯವರೆಗೆ ಇದು ಕಂಪನಿಯ ದುಡ್ಡು. ಸರ್ಕಾರದ ಕಡೆಯಿಂದ ಏನಿದೆ ಅಂತ ನನಗೂ ಗೊತ್ತಿರಲಿಲ್ಲ. ವಾಟ್ಸ್ಆಪ್‌ನಲ್ಲಿ ಒಬ್ಬರು "ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ್ ಯೋಜನೆ" ಅಂತ ಕಳಿಸಿದ್ದರು, ಇಎಸ್‌ಐನಿಂದ ಮೂರು ತಿಂಗಳು ಅರ್ಧ ಪಗಾರ ಸಿಗುತ್ತದೆ ಅಂತ. ಆಯಿತು, ಅಷ್ಟಾದರೂ ಸಿಗಲಿ ಅಂದುಕೊಂಡು, ಆಧಾರ್, ಪಾಸ್‌ಬುಕ್, ಇಎಸ್‌ಐ ಕಾರ್ಡ್, ಆ ಲೆಟರ್ ಎಲ್ಲಾ ಜೆರಾಕ್ಸ್ ಮಾಡಿಸಿ ಪ್ಲಾಸ್ಟಿಕ್ ಫೋಲ್ಡರ್‌ನಲ್ಲಿ ಹಾಕಿಕೊಂಡು ಹೋದೆ. ಕೌಂಟರ್‌ನಲ್ಲಿ ಒಬ್ಬರು ಅಕ್ಕ ಇದ್ದರು. ಕಾಗದಗಳನ್ನು ಒಂದೊಂದಾಗಿ ತಿರುವಿದರು, ಲೆಟರ್ ಬಂದಾಗ ನಿಂತರು. ಕನ್ನಡಕ ಸರಿ ಮಾಡಿಕೊಂಡು ಎರಡು ಸಲ ಓದಿದರು. "ಇದು ಇದ್ದಮ್ಯಾಲ ನೀವು ಮೂರು ತಿಂಗಳದ್ದು ಯಾಕ ತಗೋತೀರಿ ಅಣ್ಣಾರ? ನಿಮಗ ಎರಡು ವರ್ಷದ್ದು ಬರ್ತದಲ್ಲ" ಅಂದರು.

ನಾನು ಕೌಂಟರ್ ಕಟ್ಟೆ ಹಿಡಿದು ನಿಂತುಬಿಟ್ಟೆ.

ಅವರು ಹೇಳಿದ್ದು ರಾಜೀವ್ ಗಾಂಧಿ ಶ್ರಮಿಕ್ ಕಲ್ಯಾಣ್ ಯೋಜನೆ. 2005ರ ಏಪ್ರಿಲ್ 1ರಿಂದ ಇದೆ. ನಾನು ಕೆಲಸಕ್ಕೆ ಸೇರುವ ಮೊದಲಿನಿಂದ ಇದೆ, ಪ್ರತಿ ತಿಂಗಳು ನನ್ನ ಪಗಾರದಿಂದ ಇಎಸ್‌ಐ ಕಟ್ ಆಗುತ್ತಲೇ ಇತ್ತು, ಆದರೂ ಒಂದು ದಿನ ಒಬ್ಬರೂ ಅದರ ಹೆಸರು ಹೇಳಿರಲಿಲ್ಲ. ಕಾರ್ಖಾನೆ ಮುಚ್ಚಿದರೆ, ಕಾಯ್ದೆ ಪ್ರಕಾರ ಕೆಲಸದಿಂದ ತೆಗೆದರೆ, ಅಥವಾ ಕೆಲಸದ್ದಲ್ಲದ ಅಪಘಾತದಿಂದ ಶೇಕಡಾ 40ರಷ್ಟಾದರೂ ಶಾಶ್ವತವಾಗಿ ಅಂಗವಿಕಲರಾದರೆ ಈ ಭತ್ಯೆ ಸಿಗುತ್ತದೆ. ಮೊದಲ 12 ತಿಂಗಳು ದಿನದ ಸರಾಸರಿ ಪಗಾರದ ಅರ್ಧ, ಮುಂದಿನ 12 ತಿಂಗಳು ಕಾಲು ಭಾಗ. ಅಷ್ಟು ದಿನವೂ ಮನೆಯವರಿಗೆಲ್ಲ ಇಎಸ್‌ಐ ಆಸ್ಪತ್ರೆಯಲ್ಲಿ ಚಿಕಿತ್ಸೆ ಮುಂದುವರಿಯುತ್ತದೆ. ಬೇರೆ ಕೆಲಸ ಕಲಿಯುವುದಾದರೆ ತರಬೇತಿಯ ಫೀ ಕೂಡ ಅವರೇ ಕೊಡುತ್ತಾರೆ.

ನನ್ನ ಪಗಾರ 18,200 ರೂಪಾಯಿ ಇತ್ತು. ಅರ್ಧ ಅಂದರೆ ತಿಂಗಳಿಗೆ 9,100ರ ಆಸುಪಾಸು. ಎಂಟು ತಿಂಗಳಿಗೆ 72,800 ರೂಪಾಯಿ. ಇದು ದೊಡ್ಡ ದುಡ್ಡಾ ಅಂತ ಕೇಳಬಹುದು. ಬಾಡಿಗೆ, ಗ್ಯಾಸ್, ಮಗಳ ಸ್ಕೂಲ್ ಫೀ, ಇಷ್ಟು ಹೋಯಿತು. ಕಿರಾಣಿ ಅಂಗಡಿಯಲ್ಲಿ ಉದ್ರಿ ಬರೆಸಲಿಲ್ಲ. ಕೆಲಸ ಹೋದವನಿಗೆ ಅದು ಎಷ್ಟು ದೊಡ್ಡ ಮಾತು ಅನ್ನುವುದು ಕೆಲಸ ಹೋದವನಿಗೇ ಗೊತ್ತು. ಆದರೆ ನಿಜ ಹೇಳಬೇಕೆಂದರೆ ದುಡ್ಡಿಗಿಂತ ಜಾಸ್ತಿ ಉಪಯೋಗ ಆದದ್ದು ಆಸ್ಪತ್ರೆ. ನಮ್ಮ ಅವ್ವನಿಗೆ ಸಕ್ಕರೆ ಕಾಯಿಲೆ, ಬಿಪಿ, ಎರಡೂ ಇದೆ, ತಿಂಗಳ ಮಾತ್ರೆ ನಿಲ್ಲಿಸುವಂತಿಲ್ಲ. ಕೆಲಸ ಹೋದ ದಿನ ನನ್ನ ಹೆಂಡತಿ ಮೊದಲು ಕೇಳಿದ್ದು ಪಗಾರದ ಬಗ್ಗೆ ಅಲ್ಲ, "ಅತ್ತೆಯ ಮಾತ್ರೆ ಹೆಂಗ?" ಅಂತ. ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇತ್ತು. ಈ ಯೋಜನೆಗೆ ನಾನು ಪೂರ್ತಿ ಅಂಕ ಕೊಡುವುದು ಇದೊಂದೇ ಕಾರಣಕ್ಕೆ.

ಸಹಿ ಹಾಕಿದ 14 ಜನರಿಗೆ ಇದು ಇಲ್ಲ. ರಾಜೀನಾಮೆ ಕೊಟ್ಟವನನ್ನು ಯಾರೂ ತೆಗೆದಿಲ್ಲ, ಅವನೇ ಬಿಟ್ಟಿದ್ದಾನೆ, ಕಾಗದ ಹಾಗೇ ಹೇಳುತ್ತದೆ. ಕೌಂಟರ್‌ನಲ್ಲಿ ಕೂತವರು ಕಾಗದ ನೋಡಿಯೇ ಕೊಡಬೇಕು, ಅದರಲ್ಲಿ ಅವರ ತಪ್ಪಿಲ್ಲ. ನಮ್ಮ ಜೊತೆ ಗ್ರೈಂಡಿಂಗ್‌ನಲ್ಲಿದ್ದ ಒಬ್ಬ ಗೆಳೆಯ, ನನಗಿಂತ ಎರಡು ವರ್ಷ ಜಾಸ್ತಿ ಸರ್ವಿಸ್, ನನ್ನ ಫೋಲ್ಡರ್ ತೆಗೆದುಕೊಂಡು ಆ ಲೆಟರ್ ನೋಡಿದ. ಏನೂ ಮಾತಾಡಲಿಲ್ಲ. ಮಡಚಿ ವಾಪಸ್ ಒಳಗಿಟ್ಟು ಕೊಟ್ಟ. ಆ ಹೊತ್ತು ನನಗೆ ಸಿಕ್ಕ ದುಡ್ಡಿನ ಖುಷಿಯೂ ಉಳಿಯಲಿಲ್ಲ.

ಈಗ ಅಟಲ್ ಯೋಜನೆಯ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ಲೆಟರ್ ಇಲ್ಲದ ಜಾಸ್ತಿ ಜನರಿಗೆ ಉಳಿಯುವ ದಾರಿ ಅದೇ. ನಮ್ಮಲ್ಲಿ ಕಾಂಟ್ರಾಕ್ಟರ್ ಮೂಲಕ ಬರುತ್ತಿದ್ದ ಹುಡುಗರು ಇದ್ದರು. ಅವರಿಗೆ ಹಾಳೆಯೂ ಇಲ್ಲ, ಸಹಿಯೂ ಇಲ್ಲ. "ನಾಳೆಯಿಂದ ಬರಬೇಡಿ" ಅಂತ ಫೋನ್‌ನಲ್ಲಿ ಹೇಳಿದರು, ಮುಗಿಯಿತು. ಅದರಲ್ಲಿ ಒಬ್ಬ ನಮ್ಮ ಪಕ್ಕದ ಮನೆಯ ಹುಡುಗ, ನನ್ನನ್ನು ಮಾಮಾ ಅನ್ನುತ್ತಾನೆ. ಅವನ ಅರ್ಜಿ ಹಾಕಿಸಿದ್ದು ನಾನೇ, ಹಾಗಾಗಿ ಅದರ ಅನುಭವವೂ ಇದೆ.

ಈ ಯೋಜನೆ 2018ರ ಜುಲೈ 1ರಂದು ಪ್ರಯೋಗ ಅಂತ ಎರಡು ವರ್ಷಕ್ಕೆ ಶುರುವಾಯಿತು. ಮೊದಲು ಕೊಡುತ್ತಿದ್ದದ್ದು ಪಗಾರದ ಶೇಕಡಾ 25 ಮಾತ್ರ. ಕೊರೋನಾ ಕಾಲದಲ್ಲಿ ಅದನ್ನು ಶೇಕಡಾ 50 ಮಾಡಿದರು. ಮೊದಲು ಕೆಲಸ ಹೋಗಿ 90 ದಿನ ಕಾಯಬೇಕಿತ್ತು, ಅದನ್ನು 30 ದಿನಕ್ಕೆ ಇಳಿಸಿದರು. ಮಾಲೀಕರ ಮೂಲಕವೇ ಅರ್ಜಿ ಹಾಕಬೇಕು ಅನ್ನುವುದನ್ನೂ, ಆಮೇಲೆ ಅಫಿಡವಿಟ್ ಅನ್ನೂ ತೆಗೆದರು. ಈ ಬದಲಾವಣೆಗಳೆಲ್ಲ ಒಳ್ಳೆಯವು. ಅವಧಿಯನ್ನು ಆಗಾಗ ಮುಂದಕ್ಕೆ ಹಾಕುತ್ತಾ ಬಂದಿದ್ದಾರೆ, ಅದಕ್ಕೇ ಅರ್ಜಿ ಹಾಕುವ ಮೊದಲು ಈಗ ಯಾವ ತಾರೀಖಿನವರೆಗೆ ಇದೆ ಅಂತ ಕೇಳಿಕೊಳ್ಳಿ.

ಕೊಡುವುದು ಹೆಚ್ಚೆಂದರೆ 90 ದಿನ. ಅದೂ ಜೀವನದಲ್ಲಿ ಒಂದೇ ಸಲ. ಕೆಲಸ ಹೋಗುವ ಮೊದಲು ಕನಿಷ್ಠ ಎರಡು ವರ್ಷ ಇಎಸ್‌ಐನಲ್ಲಿ ಇರಬೇಕು, ಅದರೊಳಗೆ ಕೊನೆಯ ಆರು ತಿಂಗಳ ಅವಧಿಯಲ್ಲಿ 78 ದಿನ, ಅದಕ್ಕೂ ಹಿಂದಿನ ಮೂರು ಅವಧಿಗಳಲ್ಲಿ ಯಾವುದಾದರೂ ಒಂದರಲ್ಲಿ 78 ದಿನ ವಂತಿಗೆ ಕಟ್ಟಿರಬೇಕು. ಏಪ್ರಿಲ್‌ನಿಂದ ಸೆಪ್ಟೆಂಬರ್ ಒಂದು ಅವಧಿ, ಅಕ್ಟೋಬರ್‌ನಿಂದ ಮಾರ್ಚ್ ಇನ್ನೊಂದು. ಕಾಂಟ್ರಾಕ್ಟ್ ಹುಡುಗರು ಸಿಕ್ಕಿಬೀಳುವುದು ಇಲ್ಲೇ. ಆರ್ಡರ್ ಕಮ್ಮಿಯಾದಾಗ ವಾರಕ್ಕೆ ಮೂರು ದಿನ ಮಾತ್ರ ಕರೆಯುತ್ತಾರೆ, ದಿನಗಳು ತುಂಬುವುದಿಲ್ಲ. ಅಂದರೆ ಉದ್ಯಮ ಇಳಿಯುತ್ತಾ ಇಳಿಯುತ್ತಾ ಹೋದಷ್ಟೂ ಸಹಾಯಕ್ಕೆ ಅರ್ಹತೆಯೂ ಇಳಿಯುತ್ತಾ ಹೋಗುತ್ತದೆ. ನಿಯಮ ಮಾಡಿದವರು ಒಂದೇ ದಿನದಲ್ಲಿ ಬಾಗಿಲು ಹಾಕುವ ಕಾರ್ಖಾನೆಯನ್ನು ಮನಸ್ಸಿನಲ್ಲಿ ಇಟ್ಟುಕೊಂಡಿರಬೇಕು. ನಮ್ಮ ಕಡೆ ಕಾರಿನ ಕೆಲಸ ಹಾಗೆ ಹೋಗುವುದಿಲ್ಲ. ಮೊದಲು ಓವರ್‌ಟೈಮ್ ಹೋಗುತ್ತದೆ, ಆಮೇಲೆ ಮೂರನೇ ಶಿಫ್ಟ್, ಆಮೇಲೆ ಎರಡನೆಯದು, ಆಮೇಲೆ ವಾರದಲ್ಲಿ ಎರಡು ದಿನ, ಕೊನೆಗೆ ಮನುಷ್ಯ.

ಆ ಹುಡುಗನ ದಿನಗಳು ಅದೃಷ್ಟಕ್ಕೆ ತುಂಬಿದ್ದವು. ಇಎಸ್‌ಐ ವೆಬ್‌ಸೈಟ್‌ನಲ್ಲಿ ಎಬಿ-1 ಫಾರ್ಮ್ ತುಂಬಿದೆವು, ಆಧಾರ್, ಬ್ಯಾಂಕ್ ವಿವರ ಹಾಕಿದೆವು. ತೊಂದರೆ ಬಂದದ್ದು ಹೆಸರಿನಲ್ಲಿ. ನಮ್ಮ ಕಡೆ ಹೆಸರು, ತಂದೆಯ ಹೆಸರು, ಅಡ್ಡಹೆಸರು ಮೂರೂ ಬರೆಯುತ್ತಾರಲ್ವಾ, ಆಧಾರ್‌ನಲ್ಲಿ ಒಂದು ಕ್ರಮ, ಇಎಸ್‌ಐನಲ್ಲಿ ಇನ್ನೊಂದು, ಪಾಸ್‌ಬುಕ್‌ನಲ್ಲಿ ತಂದೆಯ ಹೆಸರೇ ಇಲ್ಲ. ಅದನ್ನು ಸರಿ ಮಾಡಿಸುವುದರಲ್ಲೇ ತಿಂಗಳ ಮೇಲೆ ಹೋಯಿತು. ವೆಬ್‌ಸೈಟ್ ಪೂರ್ತಿ ಇಂಗ್ಲಿಷ್ ಮತ್ತು ಹಿಂದಿ. ಹತ್ತನೇ ಕ್ಲಾಸ್ ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗ, ಒಳ್ಳೆಯ ಕೆಲಸಗಾರ, ಆ ಪರದೆಯ ಮುಂದೆ ಕೂತು "ಮಾಮಾ, ಇದೇನು ಕೇಳಾಕತ್ತದ?" ಅಂತ ಪ್ರತಿ ಡಬ್ಬಿಗೂ ನನ್ನ ಮುಖ ನೋಡುತ್ತಿದ್ದ. ಕನ್ನಡದಲ್ಲಿ, ಮರಾಠಿಯಲ್ಲಿ ಒಂದೊಂದು ಪುಟ ಮಾಡಿದರೆ ಏನು ಖರ್ಚು? ಬೆಳಗಾವಿಯ ಶಾಪ್‌ಗಳಲ್ಲಿ ಇರುವುದು ಈ ಎರಡು ಭಾಷೆಯ ಮಂದಿಯೇ.

90 ದಿನ ಅರ್ಧ ಪಗಾರ ಅಂದರೆ ಪೂರ್ತಿ ಲೆಕ್ಕದಲ್ಲಿ 45 ದಿನದ ದುಡಿಮೆ. ನನ್ನ ಲೆಟರ್ ತಂದುಕೊಟ್ಟದ್ದು 210 ದಿನದ್ದು, ಮೇಲೆ ಎರಡು ವರ್ಷದ ಭತ್ಯೆಯ ಹಕ್ಕು. ಒಂದೇ ಶೆಡ್, ಒಂದೇ ಮಷೀನ್, ಒಂದೇ ಕೆಲಸ.

ಪಿಎಫ್ ಬಗ್ಗೆ ಜಾಸ್ತಿ ಬರೆಯುವುದಿಲ್ಲ, ಅದು ಎಲ್ಲರಿಗೂ ಅಷ್ಟಿಷ್ಟು ಗೊತ್ತು. ನಾನು ಬಿಟ್ಟಾಗ ಒಂದು ತಿಂಗಳು ಕೆಲಸ ಇಲ್ಲದಿದ್ದರೆ 75%, ಎರಡು ತಿಂಗಳಾದರೆ ಉಳಿದದ್ದು ತೆಗೆಯಬಹುದಿತ್ತು. 2025ರ ಅಕ್ಟೋಬರ್‌ನಲ್ಲಿ ಅದನ್ನು ಬದಲಿಸುವ ತೀರ್ಮಾನ ಆಗಿದೆ, 75% ಕೂಡಲೇ, ಪೂರ್ತಿ ಬೇಕಾದರೆ 12 ತಿಂಗಳು ಕಾಯಬೇಕು. ಎರಡು ಮಾತು ಮಾತ್ರ ಹೇಳುತ್ತೇನೆ. ನೀವು ಕೆಲಸ ಬಿಟ್ಟ ತಾರೀಖನ್ನು ಕಂಪನಿಯವರು ಪಿಎಫ್ ದಾಖಲೆಯಲ್ಲಿ ಹಾಕದಿದ್ದರೆ ಕೊನೆಯ ವಂತಿಗೆ ಆಗಿ ಎರಡು ತಿಂಗಳ ಮೇಲೆ ಆಧಾರ್ ಒಟಿಪಿ ಮೂಲಕ ನೀವೇ ಹಾಕಬಹುದು, ಯಾರ ಕಾಲೂ ಹಿಡಿಯಬೇಕಾಗಿಲ್ಲ. ಮತ್ತೆ, ಹತ್ತು ವರ್ಷ ಸರ್ವಿಸ್ ಆದವರಿಗೆ 58ಕ್ಕೆ ಪೆನ್ಷನ್ ಇದೆ, ಅದಕ್ಕೆ ಸರ್ವಿಸ್ ಲೆಕ್ಕ ತೋರಿಸುವ ಸ್ಕೀಮ್ ಸರ್ಟಿಫಿಕೇಟ್ ತೆಗೆದಿಟ್ಟುಕೊಳ್ಳಿ. ಗ್ರಾಚ್ಯುಟಿ ಐದು ವರ್ಷ ಆದವರಿಗೆ ರಾಜೀನಾಮೆ ಕೊಟ್ಟರೂ ಸಿಗುತ್ತದೆ, ಅದನ್ನು ಮಾತ್ರ ನಮ್ಮ 14 ಜನರೂ ಪಡೆದರು. ಬೇಸಿಕ್ ಮತ್ತು ಡಿಎ ಸೇರಿಸಿ 26ರಿಂದ ಭಾಗಿಸಿ, 15ರಿಂದ ಮತ್ತು ವರ್ಷದಿಂದ ಗುಣಿಸಿ. ನನ್ನದು 15,600 ಇತ್ತು, 14 ವರ್ಷಕ್ಕೆ 1,26,000 ಬಂತು. ನೀವೇ ಲೆಕ್ಕ ಹಾಕಿಕೊಂಡು ಹೋಗಿ, ಅವರು ಹೇಳಿದ್ದನ್ನೇ ನಂಬಬೇಡಿ.

ದಾಖಲೆ ವಿಷಯದಲ್ಲಿ ಕಾಕಾ ಮತ್ತೆ ನೆನಪಾಗುತ್ತಾರೆ. ಅವರ ಇಎಸ್‌ಐ ಲೆಕ್ಕದಲ್ಲಿ ಏಳು ತಿಂಗಳು ಕಾಣೆಯಾಗಿತ್ತು. ಪಗಾರದಿಂದ ಕಟ್ ಆಗಿದೆ, ಅಲ್ಲಿ ಮುಟ್ಟಿಲ್ಲ. ಕಾಕಾ ಮನೆಗೆ ಹೋಗಿ ಕುಂದಾ ಸಿಹಿಯ ಹಳೆಯ ಒಂದು ಡಬ್ಬಿ ತಂದರು. ಅದರಲ್ಲಿ ಇಪ್ಪತ್ತೆರಡು ವರ್ಷದ ಪೇ ಸ್ಲಿಪ್‌ಗಳು, ವರ್ಷ ವರ್ಷದ್ದು ಬೇರೆ ಬೇರೆ ರಬ್ಬರ್ ಬ್ಯಾಂಡ್ ಹಾಕಿ ಇಟ್ಟಿದ್ದರು. ಹಳೆಯ ರಬ್ಬರ್ ಬ್ಯಾಂಡ್‌ಗಳು ಕಾಗದಕ್ಕೆ ಅಂಟಿ ಹೋಗಿದ್ದವು, ಉಗುರಿನಿಂದ ಬಿಡಿಸಿ ಬಿಡಿಸಿ ಆ ಏಳು ತಿಂಗಳದ್ದನ್ನು ಹುಡುಕಿ ತೆಗೆದರು. ಕೆಲಸ ಆಯಿತು. ಈಗಿನವರಿಗೆ ಸ್ಲಿಪ್ ಮೊಬೈಲ್‌ಗೆ ಬರುತ್ತದೆ, ಮೊಬೈಲ್ ಬದಲಾದರೆ ಹೋಗುತ್ತದೆ. ದಯವಿಟ್ಟು ಪ್ರಿಂಟ್ ತೆಗೆದಿಡಿ.

ತರಬೇತಿ ಮತ್ತು ಹೊಸ ಕೆಲಸ ಕೊಡಿಸುವ ವಿಷಯದಲ್ಲಿ ನನ್ನ ಅಂಕ ತೀರಾ ಕಮ್ಮಿ. ಬೆಳಗಾವಿಯಲ್ಲಿ ಅವಕಾಶ ಇಲ್ಲ ಅಂತಲ್ಲ. ಸರ್ಕಾರಿ ತರಬೇತಿ ಸಂಸ್ಥೆ ಜಿಟಿಟಿಸಿ ಇದೆ, ಹತ್ತರಗಿಯ ಏಕಸ್ ವಿಶೇಷ ಆರ್ಥಿಕ ವಲಯದಲ್ಲಿ (ಎಸ್‌ಇಝಡ್) ವಿಮಾನದ ಬಿಡಿಭಾಗ ಆಗುತ್ತದೆ, ಊರಲ್ಲಿ ಹೈಡ್ರಾಲಿಕ್ಸ್ ಕೆಲಸ ಮೊದಲಿನಿಂದಲೂ ಇದೆ. ಕ್ರ್ಯಾಂಕ್‌ಶಾಫ್ಟ್‌ನಲ್ಲಿ ಮೈಕ್ರಾನ್ ಹಿಡಿದವನ ಕೈಗೆ ಇದ್ಯಾವುದೂ ದೂರದ ಕೆಲಸ ಅಲ್ಲ. ಆದರೆ ಒಂದು ಕಡೆ ಭತ್ಯೆ ಕೊಡುವ ಇಲಾಖೆ, ಇನ್ನೊಂದು ಕಡೆ ಕಲಿಸುವ ಸಂಸ್ಥೆ, ಮತ್ತೊಂದು ಕಡೆ ಕೆಲಸ ಕೊಡುವ ಕಂಪನಿ, ನಡುವೆ ಓಡಾಡುವವನು ಕೆಲಸ ಕಳೆದುಕೊಂಡವನು ಒಬ್ಬನೇ. ನನ್ನ ಹೆಸರು ಭತ್ಯೆಯ ಪಟ್ಟಿಯಲ್ಲಿ ಎಂಟು ತಿಂಗಳು ಇತ್ತು. "ನಿಮಗೆ ಏನು ಕೆಲಸ ಬರುತ್ತೆ?" ಅಂತ ಆ ಎಂಟು ತಿಂಗಳಲ್ಲಿ ಒಂದು ಫೋನ್ ಬರಲಿಲ್ಲ. ಈಗ ಒಂದು ಹೈಡ್ರಾಲಿಕ್ಸ್ ಶಾಪ್‌ನಲ್ಲಿ ಇದ್ದೇನೆ, ಅದು ಸಿಕ್ಕಿದ್ದು ಹಳೆಯ ಶಾಪ್‌ಗೆ ಟೂಲ್ ತಂದುಕೊಡುತ್ತಿದ್ದವರ ಮಾತಿನಿಂದ. ಪಗಾರ ಮೊದಲಿಗಿಂತ ಸ್ವಲ್ಪ ಕಮ್ಮಿ. ರಾಜ್ಯ ಸರ್ಕಾರದ ನಿರುದ್ಯೋಗ ಭತ್ಯೆ ಯುವನಿಧಿ ನಮಗೆ ಬರುವುದಿಲ್ಲ, ಅದು ಹೊಸದಾಗಿ ಪದವಿ, ಡಿಪ್ಲೊಮಾ ಮುಗಿಸಿದವರಿಗೆ. ಬಹಳ ಜನ ಕೇಳಿದರು, ಅದಕ್ಕೇ ಬರೆದೆ.

ಮನೆಯಲ್ಲಿ ಖಾಲಿ ಕೂತ ದಿನಗಳಲ್ಲಿ ಬೇರೆ ಕಡೆ ಏನು ಮಾಡುತ್ತಾರೆ ಅಂತ ಮೊಬೈಲ್‌ನಲ್ಲಿ ಓದುತ್ತಿದ್ದೆ. ಆಸ್ಟ್ರೇಲಿಯಾದಲ್ಲಿ ಈಗ ದೊಡ್ಡ ಮಟ್ಟದಲ್ಲಿ ಕಾರು ತಯಾರಿಸುವ ಕಾರ್ಖಾನೆಯೇ ಉಳಿದಿಲ್ಲ. ಅಲ್ಲಿನ ಅಡಿಲೇಡ್ ಊರಲ್ಲಿ ಮಿತ್ಸುಬಿಷಿಯವರು 2008ರ ಫೆಬ್ರವರಿಯಲ್ಲಿ ಮುಚ್ಚುತ್ತೇವೆ ಅಂದರು, ಮಾರ್ಚ್ ಕೊನೆಗೆ ಮುಚ್ಚಿಯೇ ಬಿಟ್ಟರು. ಎರಡು ತಿಂಗಳೂ ಇಲ್ಲ. ಅದೇ ಊರಲ್ಲಿ ಹೋಲ್ಡನ್ ಕಂಪನಿ 2013ರ ಡಿಸೆಂಬರ್‌ನಲ್ಲಿ ಹೇಳಿ 2017ರ ಅಕ್ಟೋಬರ್ 20ರಂದು ಕೊನೆಯ ಕಾರು ಮಾಡಿತು. ಹೆಚ್ಚುಕಮ್ಮಿ ನಾಲ್ಕು ವರ್ಷ. ಟೊಯೋಟಾ ಕೂಡ 2014ರ ಫೆಬ್ರವರಿಯಲ್ಲಿ ಹೇಳಿ 2017ರ ಅಕ್ಟೋಬರ್ 3ರಂದು ಅಲ್ಟೋನಾ ಕಾರ್ಖಾನೆ ಮುಚ್ಚಿತು, ಸುಮಾರು 2,600 ಜನ. ಆದರೆ ಕಾರ್ಖಾನೆಯ ಒಳಗೇ ಸಲಹಾ ಕೇಂದ್ರ ತೆರೆದಿದ್ದರು. ಪಗಾರ ಬರುತ್ತಿರುವಾಗಲೇ ಜನ ಅಲ್ಲಿಗೆ ಹೋಗಿ ಮುಂದೇನು ಅಂತ ಮಾತಾಡುತ್ತಿದ್ದರು, ಬಯೋಡೇಟಾ ಬರೆಸುತ್ತಿದ್ದರು, ಹೊಸದು ಕಲಿಯುತ್ತಿದ್ದರು. ಇದನ್ನು ಓದಿದಾಗ ನನಗೆ ನಮ್ಮ ಗೇಟ್ ಕಣ್ಣಮುಂದೆ ಬಂತು. ನಮ್ಮಲ್ಲಿ 2020ರಿಂದ 2023ರವರೆಗೆ ಮೂರು ವರ್ಷ ಸಮಯ ಇತ್ತು, ಡೀಸೆಲ್ ಹೋಗುತ್ತಿದೆ ಅನ್ನುವುದು ಎಲ್ಲರಿಗೂ ಗೊತ್ತಿತ್ತು. ಆ ಮೂರು ವರ್ಷದಲ್ಲಿ ಯಾರಾದರೂ ಒಂದು ದಿನ, ಒಂದೇ ಗಂಟೆ, ಊಟದ ಹೊತ್ತಿನಲ್ಲಿ ಬಂದು ಈ ಯೋಜನೆ ಇದೆ, ಆ ಹಾಳೆಗೆ ಸಹಿ ಹಾಕಬೇಡಿ ಅಂತ ಹೇಳಿದ್ದರೆ 14 ಮನೆಗಳ ಲೆಕ್ಕ ಬೇರೆಯೇ ಇರುತ್ತಿತ್ತು.

ನಮ್ಮ ದೇಶದಲ್ಲೂ ಆಗುವುದಿಲ್ಲ ಅಂತೇನಿಲ್ಲ. ಸಾನಂದದ ಫೋರ್ಡ್ ಕಾರ್ಖಾನೆಯನ್ನು ಟಾಟಾ ತೆಗೆದುಕೊಂಡಾಗ ಗುಜರಾತ್ ಸರ್ಕಾರವೂ ಕೂತು ಮೂವರೂ 2022ರ ಮೇ 30ರಂದು ಒಪ್ಪಂದ ಮಾಡಿಕೊಂಡರು, ಅಲ್ಲಿನ ಅರ್ಹ ಕೆಲಸಗಾರರಿಗೆ ಟಾಟಾದಲ್ಲಿ ಕೆಲಸ ಕೊಡುವ ಮಾತಾಯಿತು. ಸಾವಿರಾರು ಜನರ ಕಾರ್ಖಾನೆ ಅಂದರೆ ಸರ್ಕಾರ ಬಂದು ಕೂರುತ್ತದೆ. 38 ಜನರ ಶಾಪ್‌ಗೆ ಯಾರು ಬರುತ್ತಾರೆ? ಕಾರಿನ ಬಿಡಿಭಾಗ ಮಾಡುವವರು ಎಷ್ಟೋ ಮಂದಿ ಇಂಥ 38 ಜನರ, 20 ಜನರ ಶಾಪ್‌ಗಳಲ್ಲೇ ಇರುವುದು.

2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಯಾಗಿವೆ. ವರ್ಷಕ್ಕೆ 15 ದಿನದ ಪರಿಹಾರ ಅದರಲ್ಲೂ ಇದೆ. ಹೊಸದಾಗಿ ಮರುಕೌಶಲ ನಿಧಿ ಅಂತ ಬಂದಿದೆ, ಕೆಲಸದಿಂದ ತೆಗೆದ ಪ್ರತಿಯೊಬ್ಬರ ಖಾತೆಗೆ 45 ದಿನದೊಳಗೆ 15 ದಿನದ ಪಗಾರ ಹಾಕಬೇಕು. ನನ್ನಂಥವನಿಗೆ ಅದು 9,000 ಚಿಲ್ಲರೆ. ಹೊಸ ವಿದ್ಯೆ ಕಲಿಯಲು ಅದು ಸಾಲುವುದಿಲ್ಲ, ಆದರೂ ಹಕ್ಕಿನ ದುಡ್ಡು, ಕೇಳಿ ತೆಗೆದುಕೊಳ್ಳಿ. ಅವಧಿ ಒಪ್ಪಂದದ ಮೇಲೆ ಇರುವವರಿಗೆ ಒಂದು ವರ್ಷಕ್ಕೇ ಗ್ರಾಚ್ಯುಟಿ ಬರುವಂತೆ ಮಾಡಿದ್ದಾರೆ, ಅದು ನಿಜಕ್ಕೂ ಒಳ್ಳೆಯದಾಯಿತು. ಆದರೆ ಜನರನ್ನು ತೆಗೆಯಲು ಸರ್ಕಾರದ ಅನುಮತಿ ಬೇಕಾಗುವುದು ಮೊದಲು 100 ಜನರಿರುವ ಕಾರ್ಖಾನೆಗೆ ಇತ್ತು, ಈಗ 300 ಮಾಡಿದ್ದಾರೆ. ಅದು ನನಗೆ ಸರಿ ಕಾಣುವುದಿಲ್ಲ. ಮತ್ತೆ, ಇದೆಲ್ಲ ಸಿಗುವುದೂ "ತೆಗೆದಿದ್ದಾರೆ" ಅಂತ ಕಾಗದದಲ್ಲಿ ಇದ್ದವರಿಗೇ. ಆ ಟೈಪ್ ಮಾಡಿದ ಹಾಳೆ, ಆ ದಾರ ಕಟ್ಟಿದ ಪೆನ್ ಇನ್ನೂ ಅಲ್ಲೇ ಇವೆ.

ಅಂಕ ಕೇಳಿದರೆ, ರಾಜೀವ್ ಗಾಂಧಿ ಯೋಜನೆಗೆ ದುಡ್ಡು ಮತ್ತು ಆಸ್ಪತ್ರೆ ವಿಷಯದಲ್ಲಿ ಐದಕ್ಕೆ ಐದು, ಜನರಿಗೆ ತಿಳಿಸುವ ವಿಷಯದಲ್ಲಿ ಒಂದು. ಅಟಲ್ ಯೋಜನೆಗೆ ಎರಡೂವರೆ, ಜೀವನದಲ್ಲಿ ಒಂದೇ ಸಲ ಅನ್ನುವ ಷರತ್ತು ತೆಗೆದರೆ ಮೂರೂವರೆ ಕೊಡುತ್ತೇನೆ. ತರಬೇತಿಗೆ ಒಂದು. ಕೌಂಟರ್‌ನ ಆ ಅಕ್ಕನಿಗೆ ಅಂಕ ಕೊಡುವುದು ನನ್ನಿಂದ ಆಗುವ ಮಾತಲ್ಲ. ಅವರು ಸುಮ್ಮನೆ ನನ್ನ 90 ದಿನದ ಅರ್ಜಿ ತೆಗೆದುಕೊಂಡು ಸಿಕ್ಕಾ ಹೊಡೆದು ಕಳಿಸಿದ್ದರೆ ನನಗೆ ಏನೂ ಗೊತ್ತಾಗುತ್ತಿರಲಿಲ್ಲ.

ಹೋಗುವವರು ಇಷ್ಟು ಇಟ್ಟುಕೊಳ್ಳಿ: ರಿಟ್ರೆಂಚ್‌ಮೆಂಟ್ ಲೆಟರ್ ಮೂಲ ಪ್ರತಿ, ಇಎಸ್‌ಐ ಕಾರ್ಡ್, ಆಧಾರ್, ನಿಮ್ಮ ಹೆಸರು ಸರಿಯಾಗಿರುವ ಪಾಸ್‌ಬುಕ್, ಸಿಕ್ಕಷ್ಟು ಪೇ ಸ್ಲಿಪ್. ಕೊನೆಯ ತಿಂಗಳು ಕಂಪನಿ ಇಎಸ್‌ಐ ವೆಬ್‌ಸೈಟ್‌ನಲ್ಲಿ ನಿಮ್ಮ ಹೆಸರಿನ ಮುಂದೆ ಏನು ಕಾರಣ ಹಾಕಿದೆ ಅಂತ ಕೇಳಿ. ಅದರಲ್ಲಿ ಕೆಲಸ ಬಿಟ್ಟರು ಅನ್ನುವುದಕ್ಕೆ ಒಂದು ಸಂಖ್ಯೆ, ತೆಗೆದರು ಅನ್ನುವುದಕ್ಕೆ ಬೇರೆ ಸಂಖ್ಯೆ ಇದೆ. ತಪ್ಪು ಹಾಕಿದ್ದರೆ ಶಾಪ್‌ನ ಬಾಗಿಲು ತೆರೆದಿರುವಾಗಲೇ ಸರಿ ಮಾಡಿಸಿ, ಆಮೇಲೆ ಸಹಿ ಹಾಕುವವರೇ ಸಿಗುವುದಿಲ್ಲ.

ನಮ್ಮ ಓಣಿಯಲ್ಲಿ ಈ ವಾರ ಇನ್ನಿಬ್ಬರಿಗೆ ಆಫೀಸಿನಿಂದ ಕರೆ ಬಂದಿದೆ, ಒಬ್ಬರು ಫೌಂಡ್ರಿಯವರು, ಒಬ್ಬರು ಸೈಲೆನ್ಸರ್ ಪೈಪ್ ಕೆಲಸದವರು. ಸೋಮವಾರ ಮೊದಲ ಶಿಫ್ಟ್ ಇದೆ ನನಗೆ, ಮಧ್ಯಾಹ್ನ ಬಿಟ್ಟ ಕೂಡಲೇ ಇಬ್ಬರನ್ನೂ ಕಾಕಾನ ಮನೆಗೆ ಕರೆದುಕೊಂಡು ಹೋಗುತ್ತಿದ್ದೇನೆ. ಕುಂದಾ ಡಬ್ಬಿ ತೆಗೆದಿಡಲು ಹೇಳಿದ್ದೇನೆ.